ಸಸ್ಯವೈರಸ್ ನ್ಯಾನೊ ಕಣಗಳು

ಸಸ್ಯಗಳಿಗೆ ರೋಗ ತರುವ ವೈರಸ್‌ಗಳ ಪ್ರೋಟೀನ್ ಕವಚವನ್ನು ಮಾರ್ಪಡಿಸಿ, ಔಷಧ, ಪ್ರತಿಕಾಯ ಅಥವಾ ಸ್ಕ್ಯಾನಿಂಗ್‌ಗೆ ಬೇಕಾದ ದ್ರವ್ಯಗಳನ್ನು ದೇಹದೊಳಗೆ ಒಯ್ಯುವಂತೆ ಸಿದ್ಧಪಡಿಸಿದ ಅತಿಸೂಕ್ಷ್ಮ ಕಣಗಳು. ಒಳಗಿನ ಆರ್‌ಎನ್‌ಎ ಇಲ್ಲದೆ ಕವಚವಷ್ಟೇ ಇರುವಂಥವಕ್ಕೆ ವೈರಸ್‌ಸದೃಶ ಕಣಗಳೆಂದು ಹೆಸರು. ಇವು ಗಿಡಕ್ಕೂ ರೋಗ ತರಲಾರವು. ಈ ಕ್ಷೇತ್ರಕ್ಕೆ ಕರ್ನಾಟಕದ ಮುಖ್ಯ ಕೊಡುಗೆ ಬಂದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ.

ಹಿನ್ನೆಲೆ

ಬೆಳೆಗಾರನಿಗೆ ವೈರಸ್ ಎಂದರೆ ನಷ್ಟ. ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ ಕಡೆಯ ತೊಗರಿ ಹೊಲಗಳಲ್ಲಿ ನುಸಿಯಿಂದ ಹರಡುವ ಗೊಡ್ಡು ರೋಗ ಬಂದರೆ ಗಿಡ ಹಸಿರಾಗಿಯೇ ಇದ್ದರೂ ಹೂ, ಕಾಯಿ ಕಟ್ಟುವುದಿಲ್ಲ. ಆದರೆ ಸಸ್ಯವೈರಸ್‌ಗಳು ಮನುಷ್ಯನ ಜೀವಕೋಶಗಳಲ್ಲಿ ವೃದ್ಧಿಯಾಗುವುದಿಲ್ಲ. ಅವುಗಳ ಕವಚವನ್ನು ವೈದ್ಯಕೀಯಕ್ಕೆ ಬಳಸುವ ಯೋಚನೆ ಹುಟ್ಟಿದ್ದು ಈ ಗುಣದಿಂದ. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ತಂಬಾಕಿನ ಮೊಸಾಯಿಕ್ ವೈರಸ್ಸನ್ನು ಹರಳಾಗಿಸಿದರು. 1998ರಲ್ಲಿ ಟ್ರೆವರ್ ಡಗ್ಲಸ್ ಮತ್ತು ಮಾರ್ಕ್ ಯಂಗ್ ಅಲಸಂದೆಯ ಒಂದು ವೈರಸ್ಸಿನ ಖಾಲಿ ಕವಚದೊಳಗೆ ಬೇರೆ ವಸ್ತುಗಳನ್ನು ತುಂಬಿ ತೋರಿಸಿದರು. ಸುತ್ತಲಿನ ದ್ರವದ ಆಮ್ಲೀಯತೆ ಕಡಿಮೆಯಾದಾಗ ಆ ಕವಚ ಉಬ್ಬಿ ರಂಧ್ರಗಳು ತೆರೆಯುತ್ತವೆ, ಹೆಚ್ಚಾದಾಗ ಮುಚ್ಚಿಕೊಳ್ಳುತ್ತವೆ.

ರಚನೆ

ತಂಬಾಕಿನ ಮೊಸಾಯಿಕ್ ವೈರಸ್ ಸುಮಾರು 300 ನ್ಯಾನೊಮೀಟರ್ ಉದ್ದ, 18 ನ್ಯಾನೊಮೀಟರ್ ದಪ್ಪದ ಟೊಳ್ಳು ಕೋಲು. ಬೇರೆ ಹಲವು ಸಸ್ಯವೈರಸ್‌ಗಳು ಇಪ್ಪತ್ತು ಮುಖಗಳ, ಹೆಚ್ಚುಕಡಿಮೆ ದುಂಡಗಿನ ಡಬ್ಬಿಗಳು. ಅವುಗಳ ವ್ಯಾಸ ಸುಮಾರು 30 ನ್ಯಾನೊಮೀಟರ್; ಒಂದು ಮಿಲಿಮೀಟರ್ ಉದ್ದಕ್ಕೆ ಇಂಥ 33,000 ಕಣಗಳನ್ನು ಸಾಲಾಗಿ ಜೋಡಿಸಬಹುದು. ಒಂದೇ ಬಗೆಯ ಪ್ರೋಟೀನ್ ತುಣುಕುಗಳು ತಾವಾಗಿಯೇ ಕೂಡಿಕೊಂಡು ಈ ಡಬ್ಬಿ ಆಗುವುದರಿಂದ ಎಲ್ಲ ಕಣಗಳೂ ಒಂದೇ ಅಳತೆಯಲ್ಲಿರುತ್ತವೆ. ಕವಚದ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಸೇರಿಸಿ ಇವನ್ನು ಬೆಳೆಸಿಕೊಳ್ಳಬಹುದು. ಔಷಧವನ್ನು ಒಳಗೆ ತುಂಬುವುದಕ್ಕೂ, ಗುರಿ ಹುಡುಕುವ ಅಣುಗಳನ್ನು ಹೊರಮೈಗೆ ಅಂಟಿಸುವುದಕ್ಕೂ ಅವಕಾಶವಿದೆ.

ಬೆಂಗಳೂರಿನ ಸಂಶೋಧನೆ

ವೀಳ್ಯದೆಲೆ ತೋಟಗಳಲ್ಲಿ ಬಳ್ಳಿಗೆ ಆಸರೆಯಾಗಿ ಬೆಳೆಸುವ ಚೊಗಚೆ (ಅಗಸೆ) ಮರದ ಮೊಸಾಯಿಕ್ ವೈರಸ್ ಮೊದಲು ವರದಿಯಾದದ್ದು ತಿರುಪತಿಯಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಆರ್.ಎನ್. ಮೂರ್ತಿ, ಎಚ್.ಎಸ್. ಸಾವಿತ್ರಿ ಮತ್ತು ಸಂಗಡಿಗರು ಎಕ್ಸ್-ರೇ ಸ್ಫಟಿಕ ವಿಧಾನದಿಂದ ಅದರ ರಚನೆಯನ್ನು ಬಿಡಿಸಿ 1995ರಲ್ಲಿ ಪ್ರಕಟಿಸಿದರು. ಅದರ ಕವಚದಲ್ಲಿ 180 ಪ್ರೋಟೀನ್ ತುಣುಕುಗಳಿವೆ. ಪ್ರತಿ ತುಣುಕಿನ ಆರಂಭದ 65 ಅಮೈನೊ ಆಮ್ಲಗಳನ್ನು ತೆಗೆದುಹಾಕಿದರೆ 60 ತುಣುಕುಗಳಷ್ಟೇ ಕೂಡಿ ಚಿಕ್ಕ ಡಬ್ಬಿಯಾಗುತ್ತದೆ. ಬದನೆ ಕುಟುಂಬದ ಫೈಸಾಲಿಸ್ ಗಿಡದ ವೈರಸ್ಸಿನ ರಚನೆ 1999ರಲ್ಲಿ ಇದೇ ಸಂಸ್ಥೆಯಿಂದ ಹೊರಬಂತು.

ಯಾವ ತುಣುಕು ಎಲ್ಲಿದೆ ಎಂಬ ಈ ತಿಳಿವಳಿಕೆಯೇ ಮುಂದಿನ ಮಾರ್ಪಾಡುಗಳಿಗೆ ನಕ್ಷೆಯಾಯಿತು. 2016ರಲ್ಲಿ ಸಾವಿತ್ರಿ ಅವರ ತಂಡ ಚೊಗಚೆ ವೈರಸ್ಸಿನ ಕವಚದ ಹೊರಬದಿಯಲ್ಲಿ, ಪ್ರತಿಕಾಯಗಳನ್ನು ಹಿಡಿದುಕೊಳ್ಳುವ ಬ್ಯಾಕ್ಟೀರಿಯಾ ಪ್ರೋಟೀನಿನ ಒಂದು ಭಾಗವನ್ನು ಸೇರಿಸಿತು. ಪ್ರತಿಕಾಯಗಳು ತಾವಾಗಿ ಜೀವಕೋಶದ ಒಳಹೊಕ್ಕುವುದು ಕಷ್ಟ. ಈ ಕಣಗಳು ಮೂರು ಬಗೆಯ ಪ್ರತಿಕಾಯಗಳನ್ನು ಸಸ್ತನಿಗಳ ಜೀವಕೋಶಗಳೊಳಗೆ ತಲುಪಿಸಿದವು. ಅವುಗಳಲ್ಲಿ ಒಂದು ಗುಲಗಂಜಿ ಬೀಜದ ವಿಷವಾದ ಅಬ್ರಿನ್‌ಗೆ ಎದುರಾದದ್ದು, ಇನ್ನೊಂದು ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವುದು.

ಔಷಧ ಸಾಗಣೆ ಮತ್ತು ಬಿಂಬನ

ಫೈಸಾಲಿಸ್ ವೈರಸ್ಸಿನ ಖಾಲಿ ಕವಚವನ್ನು ಅಮೆರಿಕದ ನಿಕೋಲ್ ಸ್ಟೈನ್‌ಮೆಟ್ಜ್ ತಂಡ ಮತ್ತು ಸಹಸಂಶೋಧಕರು ಮುಂದಕ್ಕೆ ಒಯ್ದರು. 2017ರಲ್ಲಿ ಅದರೊಳಗೆ ಡಾಕ್ಸೊರುಬಿಸಿನ್‌ನಂಥ ಕ್ಯಾನ್ಸರ್ ಔಷಧವನ್ನೂ ಹೊಳೆಯುವ ಬಣ್ಣಗಳನ್ನೂ ತುಂಬಿದರು. 2019ರಲ್ಲಿ ಎಂಆರ್‌ಐ ಚಿತ್ರವನ್ನು ಸ್ಪಷ್ಟಗೊಳಿಸುವ ಗ್ಯಾಡೊಲಿನಿಯಂ ಮತ್ತು ಹೊಳೆಯುವ ಬಣ್ಣ ಎರಡನ್ನೂ ಹೊತ್ತ ಕಣಗಳಿಂದ, ಇಲಿಗಳಲ್ಲಿ ಬೆಳೆಸಿದ ಪ್ರಾಸ್ಟೇಟ್ ಗಡ್ಡೆಯನ್ನು ಎಂಆರ್‌ಐಯಲ್ಲೂ ಬೆಳಕಿನ ಬಿಂಬನದಲ್ಲೂ ಗುರುತಿಸಿದರು. ಅಲಸಂದೆ ಮೊಸಾಯಿಕ್ ವೈರಸ್ಸಿನ ಬಳಕೆ ಬೇರೆ ಬಗೆಯದು. ಔಷಧ ತುಂಬದ ಕಣವನ್ನೇ ಗಡ್ಡೆಗೆ ಚುಚ್ಚಿದಾಗ ಅದು ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸಿ ಕ್ಯಾನ್ಸರ್ ವಿರುದ್ಧ ತಿರುಗಿಸುತ್ತದೆ. ಇದನ್ನು ಇಲಿಗಳಲ್ಲೂ ಕ್ಯಾನ್ಸರ್ ಬಂದ ನಾಯಿಗಳಲ್ಲೂ ಪರೀಕ್ಷಿಸಲಾಗಿದೆ.

ಮಿತಿಗಳು

ಕವಚ ಪ್ರೋಟೀನಿನದಾದ್ದರಿಂದ ದೇಹ ಅದನ್ನು ಪರಕೀಯವೆಂದು ಗುರುತಿಸುತ್ತದೆ. ಯಕೃತ್ತು ಮತ್ತು ಗುಲ್ಮದ ಭಕ್ಷಕ ಕೋಶಗಳು ಕಣಗಳನ್ನು ಬೇಗ ನುಂಗಿಹಾಕುತ್ತವೆ. ಮತ್ತೆ ಮತ್ತೆ ಕೊಟ್ಟರೆ ಅವುಗಳ ವಿರುದ್ಧವೇ ಪ್ರತಿಕಾಯಗಳು ಹುಟ್ಟುತ್ತವೆ. ಇದನ್ನು ತಗ್ಗಿಸಲು ಹೊರಮೈಗೆ ಪಾಲಿಎಥಿಲೀನ್ ಗ್ಲೈಕಾಲ್ ಲೇಪಿಸುವುದುಂಟು. ಔಷಧ ದಾರಿಯಲ್ಲಿ ಸೋರದೆ, ಗುರಿ ಮುಟ್ಟಿದ ಮೇಲೆ ಬಿಡುಗಡೆಯಾಗುವಂತೆ ಮಾಡುವುದೂ ಸುಲಭವಲ್ಲ. ಇಲ್ಲಿ ಹೇಳಿದ ಪ್ರಯೋಗಗಳೆಲ್ಲ ಜೀವಕೋಶ ಮತ್ತು ಪ್ರಾಣಿಗಳ ಹಂತದವು. ಸಸ್ಯವೈರಸ್ ಕವಚದಲ್ಲಿ ತುಂಬಿದ ಕ್ಯಾನ್ಸರ್ ಔಷಧ ಯಾವುದೂ ಇನ್ನೂ ಆಸ್ಪತ್ರೆಯ ಬಳಕೆಗೆ ಬಂದಿಲ್ಲ.