ಸೊಸೈಟಿಯಲ್ಲಿ ಬಟ್ಟೆ ಅಳೆದ ಕಾಲ

ಇವತ್ತು ಸೊಸೈಟಿ ಎಂದರೆ ಅಕ್ಕಿ, ಹೆಚ್ಚೆಂದರೆ ರಾಗಿ. ಹೆಬ್ಬೆಟ್ಟು ಒತ್ತು, ಚೀಲ ಹಿಡಿ, ನಡಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ನಮ್ಮ ಹೋಬಳಿಯ ಸಹಕಾರ ಸಂಘಕ್ಕೆ ಗುಮಾಸ್ತನಾಗಿ ಸೇರಿದಾಗ ಹೀಗಿರಲಿಲ್ಲ. ಪಡಿತರಕ್ಕೆಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಒದಗಿಸುತ್ತಿದ್ದ ಸಾಮಾನು ಏಳು: ಅಕ್ಕಿ, ಗೋಧಿ, ಸಕ್ಕರೆ, ಅಡುಗೆ ಎಣ್ಣೆ, ಸೀಮೆಎಣ್ಣೆ, ಒಲೆಗೆ ಹಾಕುವ ಕಲ್ಲಿದ್ದಲು, ಕಂಟ್ರೋಲ್ ಬಟ್ಟೆ. ಕಲ್ಲಿದ್ದಲನ್ನು ನಮ್ಮ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಕಂಡವರಿಲ್ಲ. ನಮ್ಮ ಒಲೆಗೆ ತೆಂಗಿನ ಗರಿ, ಮಟ್ಟೆ ಸಾಕಾಗಿತ್ತು. ಉಳಿದ ಆರರಲ್ಲಿ ಎರಡು ಹೊಟ್ಟೆಗೆ ಹೋಗುವಂಥವಲ್ಲ. ಅಂಗಡಿ ಮುಂದೆ ಜುಟ್ಟು ಹಿಡಿದು ಜಗಳ ಆಗುತ್ತಿದ್ದುದು ಹೆಚ್ಚಾಗಿ ಆ ಎರಡಕ್ಕೇ.

ಬಟ್ಟೆ ಪಡಿತರದ ಲೆಕ್ಕಕ್ಕೆ ಬಂದದ್ದು ಯುದ್ಧದಿಂದ. 1942ರಲ್ಲಿ ಜಪಾನಿನವರು ರಂಗೂನು ಹಿಡಿದ ಮೇಲೆ ಬರ್ಮಾದ ಅಕ್ಕಿಯೂ ನಿಂತಿತು, ಸೀಮೆಎಣ್ಣೆಯೂ ನಿಂತಿತು. ಮಿಲ್ಲುಗಳು ಸೈನ್ಯಕ್ಕೆ ನೇಯತೊಡಗಿದವು. 1943ರಲ್ಲಿ ಬಟ್ಟೆ, ನೂಲಿಗೆ ನಿಯಂತ್ರಣ ಬಂತು. ಬಡವರಿಗೆಂದು ‘ಸ್ಟ್ಯಾಂಡರ್ಡ್ ಕ್ಲಾತ್’ ಬಂತು. ನಮ್ಮಪ್ಪ ಅದನ್ನು ‘ಕಂಟ್ರೋಲ್ ಕಾಲ’ ಎಂದೇ ಕರೆಯುತ್ತಿದ್ದರು. ಮದುವೆ ಗೊತ್ತಾದರೆ ಛತ್ರಕ್ಕಿಂತ ಮೊದಲು ಸೀರೆಗೆ ಅಲೆಯಬೇಕಿತ್ತಂತೆ. ನಿಯಂತ್ರಣಗಳನ್ನು ಕಿತ್ತುಹಾಕಿ ಎಂದು ಗಾಂಧೀಜಿ ಪಟ್ಟು ಹಿಡಿದಿದ್ದರು. 1948ರ ಜನವರಿಯಲ್ಲಿ ಬಟ್ಟೆಯದನ್ನು ತೆಗೆದರು, ಬೆಲೆ ಜಿಗಿಯಿತು, ಅದೇ ವರ್ಷ ಮತ್ತೆ ಹೇರಿದರು. 1955ರ ಅಗತ್ಯ ವಸ್ತುಗಳ ಕಾಯ್ದೆಯಲ್ಲಿ ಆಹಾರದ ಪಕ್ಕದಲ್ಲೇ ಹತ್ತಿಬಟ್ಟೆ, ಕಾಗದ, ಕಲ್ಲಿದ್ದಲು, ಪೆಟ್ರೋಲಿಯಂ ಎಲ್ಲ ಕೂತವು. ಆ ಪಟ್ಟಿ ಬರೆದವರು ಸಂಸಾರ ಮಾಡಿ ಗೊತ್ತಿದ್ದವರು ಅಂತ ನನಗನ್ನಿಸುತ್ತದೆ.

ನಾನು ಕೈಯಾರೆ ಹರಿದು ಕೊಟ್ಟ ಬಟ್ಟೆ 1964ರ ಯೋಜನೆಯದು. ಮಿಲ್ಲುಗಳು ತಮ್ಮ ಉತ್ಪಾದನೆಯಲ್ಲಿ ಇಷ್ಟು ಪಾಲು ಅಗ್ಗದ ಬಟ್ಟೆ ನೇಯಲೇಬೇಕು ಎಂಬ ಕಟ್ಟಳೆ. ಪಂಚೆ, ಸೀರೆ, ಲಾಂಗ್‌ಕ್ಲಾತು, ಷರಟಿನ ಬಟ್ಟೆ, ಡ್ರಿಲ್ಲು ಹೀಗೆ ಐದು ಬಗೆ. ಬೆಲೆ ಬಟ್ಟೆಯ ಮೇಲೇ ಅಚ್ಚಾಗಿರುತ್ತಿದ್ದರಿಂದ ಅಂಗಡಿಯವನು ಬಾಯಿಗೆ ಬಂದದ್ದು ಹೇಳುವಂತಿರಲಿಲ್ಲ. ಡ್ರಿಲ್ಲು ಗಟ್ಟಿ, ಹುಡುಗರ ಚಡ್ಡಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಸೀರೆ ಮಾತ್ರ ಮೋಸ. ಗಂಜಿಯ ಬಲದ ಮೇಲೆ ನಿಂತಿರುತ್ತಿತ್ತು, ಮೊದಲನೇ ಒಗೆತಕ್ಕೆ ಕುಗ್ಗಿ ಮಂಡಿಗೆ ಏರುತ್ತಿತ್ತು. ನಷ್ಟದ ಬಾಬತ್ತನ್ನು ಮಿಲ್ಲಿನವರು ಒಲ್ಲದ ಮನಸ್ಸಿನಿಂದ ನೇಯುತ್ತಿದ್ದರು, ನಾವು ಒಲ್ಲದ ಮನಸ್ಸಿನಿಂದ ಮಾರುತ್ತಿದ್ದೆವು. ಕೊನೆಗೆ ಖಾಸಗಿ ಮಿಲ್ಲುಗಳು ಕೈ ತೊಳೆದುಕೊಂಡವು. ಹೊರೆ ಸರ್ಕಾರಿ ಮಿಲ್ಲುಗಳ ಮೇಲೂ ಮಗ್ಗದವರ ಮೇಲೂ ಬಿತ್ತು. 1976ರಲ್ಲಿ ಶುರುವಾದ ಜನತಾ ಬಟ್ಟೆ ಯೋಜನೆಗೆ ನಮ್ಮಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮ ನೇಯಿಸಿತು. ಅದು ನಿಂತ ಮೇಲೆ ಅದೇ ನಿಗಮದ ಮಗ್ಗಗಳಿಗೆ ಶಾಲಾ ಮಕ್ಕಳ ಸಮವಸ್ತ್ರ ಆಸರೆಯಾಯಿತು.

ಸೀಮೆಎಣ್ಣೆಯದು ಬೇರೆಯೇ ಕಥೆ. ಇನ್ನೂರು ಲೀಟರಿನ ಡ್ರಮ್ಮು ಇಳಿಯಿತೆಂದರೆ ಊರಿಗೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಕೊರಳಿಗೆ ಹಗ್ಗ ಕಟ್ಟಿದ ಬಾಟಲಿ, ಡಾಲ್ಡಾ ಡಬ್ಬ, ಮಗ್ಗುಲು ನೆಗ್ಗಿದ ಕ್ಯಾನು, ಎಲ್ಲ ಸಾಲಾಗಿ ಜಗುಲಿ ಮೇಲೆ ಕೂರುತ್ತಿದ್ದವು, ಅವುಗಳ ಒಡತಿಯರು ಹುಣಸೆಮರದ ನೆರಳಲ್ಲಿ. ಡ್ರಮ್ಮಿನ ಬಾಯಿಗೆ ಕೈಪಂಪು, ತಗಡಿನ ಲೀಟರ್ ಅಳತೆ, ಆಲಿಕೆ. ಅಳತೆಯ ತಳಕ್ಕೆ ಒಳಮುಖವಾಗಿ ಒಂದು ಪೆಟ್ಟು ಹಾಕಿಟ್ಟುಕೊಂಡರೆ ಲೀಟರಿಗೆ ಒಂದು ಗುಟುಕು ಉಳಿಯುತ್ತದೆ. ಆ ವಿದ್ಯೆ ಬಲ್ಲ ಅಂಗಡಿಯವರು ನಮ್ಮ ಸುತ್ತಮುತ್ತ ಇದ್ದರು, ಅದನ್ನು ಕಂಡುಹಿಡಿಯುವ ಹೆಂಗಸರೂ ಇದ್ದರು: ಅಳತೆಯನ್ನು ಕವುಚಿ ನೋಡಿಯೇ ಬಾಟಲಿ ಮುಂದಿಡುತ್ತಿದ್ದರು. ಭಾಗ್ಯಜ್ಯೋತಿ ಯೋಜನೆಯಲ್ಲಿ ಮನೆಗೊಂದು ಬಲ್ಬು ಬಂದ ಮೇಲೂ ಬುಡ್ಡಿ ಆರಲಿಲ್ಲ, ಕರೆಂಟು ಇದ್ದರೆ ತಾನೆ? ಆಷಾಢದ ಹಸಿ ಸೌದೆ ಹೊತ್ತಿಸಲು, ಬತ್ತಿ ಸ್ಟವ್ವಿಗೆ, ಮಂಚದ ಸಂದಿಯ ತಿಗಣೆಗೆ, ಎಲ್ಲದಕ್ಕೂ ಅದೇ. ಗ್ಯಾಸ್ ತಗೊಂಡವರ ಕಾರ್ಡಿಗೆ ಸೀಲು ಬೀಳುತ್ತಿತ್ತು, ಎಣ್ಣೆ ಕಡಿತ. ಆ ಸೀಲಿನ ಭಯಕ್ಕೆ ನೆಂಟರ ಹೆಸರಲ್ಲಿ ಗ್ಯಾಸ್ ಬರೆಸಿದ ಮೇಷ್ಟ್ರುಗಳನ್ನೂ ನೋಡಿದ್ದೇನೆ.

ಅಗ್ಗದ ಎಣ್ಣೆ ಡೀಸೆಲ್ಲಿಗೆ ಬೆರೆಯುತ್ತದೆಂದು ಪಡಿತರದ್ದಕ್ಕೆ ನೀಲಿ ಬಣ್ಣ ಹಾಕಿದರು. ಬಣ್ಣ ಬಡವರ ಬಾಟಲಿಯಲ್ಲಿ ಕಂಡಿತು, ಬಂಕಿನ ಟ್ಯಾಂಕಿನಲ್ಲಿ ಕಾಣಲಿಲ್ಲ. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ ಮಂಜುನಾಥ ಷಣ್ಮುಗಂ ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರಿನಲ್ಲಿ ಗುಂಡೇಟಿಗೆ ಬಲಿಯಾದರು. ಪತ್ರಿಕೆಯಲ್ಲಿ ಆ ಹುಡುಗನ ಫೋಟೋ ನೋಡಿದ ದಿನ ನನಗೆ ರಿಜಿಸ್ಟರು ಬರೆಯಲು ಮನಸ್ಸಾಗಲಿಲ್ಲ.

ಸೋಪು, ನೋಟ್‌ಬುಕ್ಕುಗಳೂ ಬಂದಿದ್ದುಂಟು. 1982ರ ಇಪ್ಪತ್ತು ಅಂಶಗಳ ಕಾರ್ಯಕ್ರಮದಲ್ಲಿ ನ್ಯಾಯಬೆಲೆ ಅಂಗಡಿ ಹೆಚ್ಚಿಸುವುದನ್ನೂ ಮಕ್ಕಳಿಗೆ ಪುಸ್ತಕ, ನೋಟ್‌ಬುಕ್ ಒದಗಿಸುವುದನ್ನೂ ಒಂದೇ ಅಂಶದಲ್ಲಿ ಬರೆದಿದ್ದರು. ಜೂನಿನಲ್ಲಿ ಆ ಪುಸ್ತಕಗಳಿಗೆ ಬೇಡಿಕೆ ಇತ್ತು. ಕಾಗದ ಒರಟು, ಶಾಯಿ ಹಿಂದಕ್ಕೆ ಇಳಿಯುತ್ತಿತ್ತು, ಆದರೂ ಬರೆಯಬಹುದಿತ್ತು. ಸೋಪು ಮಾತ್ರ ಬರಬರುತ್ತಾ ಕೆಟ್ಟ ಚಾಳಿಗೆ ತಿರುಗಿತು. ಹೆಸರೇ ಕೇಳದ ಕಂಪನಿಯ ಸೋಪು, ಟೀಪುಡಿ ತಂದು ‘ಇದು ತಗೊಂಡ್ರೆ ಅಕ್ಕಿ’ ಎಂದು ತಗುಲಿಸುವುದು. ನಮ್ಮ ಸಂಘದಲ್ಲೂ ಒಬ್ಬ ಸೆಕ್ರೆಟರಿ ಇದನ್ನು ಮಾಡಿಸಿದ. ಬೇಕಾದ ಸೋಪು ಕೊಡಲಿಲ್ಲ, ಬೇಡದ ಸೋಪು ತಳ್ಳಿದೆವು.

ಬೇಕಾದ ಸೋಪಿಗೆ ಜನ ತಮ್ಮದೇ ದಾರಿ ಮಾಡಿಕೊಂಡಿದ್ದರು. ಗೊಲ್ಲರಹಟ್ಟಿಯ ಒಬ್ಬ ಅಜ್ಜಿ ಪ್ರತಿ ತಿಂಗಳು ಸಕ್ಕರೆ ತಪ್ಪದೆ ಕೊಂಡು, ಸೀದಾ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಕೊಟ್ಟು, ಪಕ್ಕದ ಅಂಗಡಿಯಲ್ಲಿ 501 ಬಾರ್ ಸೋಪು, ಬೆಂಕಿಪೊಟ್ಟಣ, ಹೊಗೆಸೊಪ್ಪು ಕಟ್ಟಿಸಿಕೊಂಡು ಹೋಗುತ್ತಿದ್ದಳು. ತಪಾಸಣೆಗೆ ಬಂದ ಫುಡ್ ಇನ್ಸ್‌ಪೆಕ್ಟರು ಅದನ್ನು ಕಂಡು, “ಏನಜ್ಜಿ, ಸರ್ಕಾರದ ಸಕ್ಕರೆ ಮಾರ್ಕೊಳ್ತೀಯಾ?” ಎಂದು ಗದರಿದರು.

“ನಮ್ಮನೇಲಿ ಬೆಲ್ಲದ ಕಾಪಿನೇ ಸಾಮಿ. ಸಕ್ಕರೆ ಹಚ್ಕೊಂಡು ಬಟ್ಟೆ ಒಗಿಯಕ್ಕಾಯ್ತದಾ?”

ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. ನಾನು ಬಿಲ್ ಪುಸ್ತಕ ನೋಡಿದೆ. ಕಾನೂನಿನ ಪ್ರಕಾರ ಅಜ್ಜಿಯದು ತಪ್ಪೇ. ನನ್ನ ಪ್ರಕಾರ ತಪ್ಪು ಪಟ್ಟಿಯದು.

ಪಟ್ಟಿ ದೊಡ್ಡದಾಗಲಿಲ್ಲ, ಚಿಕ್ಕದಾಗುತ್ತಾ ಬಂತು. ಬಟ್ಟೆ ತೊಂಬತ್ತರ ದಶಕದಲ್ಲಿ ಹೋಯಿತು. 2011ರ ಡಿಸೆಂಬರಿನಲ್ಲಿ ರಾಜಸ್ಥಾನದ ಕೋಟಕಾಸಿಮ್‌ನಲ್ಲಿ ಹೊಸ ಪ್ರಯೋಗ ನಡೆಯಿತು: ಸೀಮೆಎಣ್ಣೆಯನ್ನು ಪೇಟೆ ಬೆಲೆಗೇ ಕೊಳ್ಳಿ, ಸಬ್ಸಿಡಿ ಬ್ಯಾಂಕಿಗೆ ಹಾಕುತ್ತೇವೆ ಅಂತ. ಮಾರಾಟ ಸುಮಾರು ಐದರಲ್ಲಿ ನಾಲ್ಕು ಪಾಲು ಇಳಿಯಿತು. ಕಳ್ಳಸಂತೆ ನಿಂತಿತೆಂದು ಅಧಿಕಾರಿಗಳು ಬೀಗಿದರು. ಖಾತೆಗೆ ದುಡ್ಡು ಬಾರದೆ, ಮುಂಗಡ ಹಣ ಹೊಂದಿಸಲಾರದೆ ಜನ ಕೊಳ್ಳುವುದನ್ನೇ ಬಿಟ್ಟರೆಂದು ಹೋಗಿ ನೋಡಿದ ಪತ್ರಕರ್ತರು ಬರೆದರು. ಇಡೀ ದೇಶದಲ್ಲಿ ಎಣ್ಣೆಯನ್ನು ಮುಗಿಸಿದ ರೀತಿ ಇನ್ನೂ ಜಾಣತನದ್ದು. 2016ರಿಂದ ಲೀಟರಿಗೆ ಇಪ್ಪತ್ತೈದು ಪೈಸೆಯಂತೆ ಏರಿಸುತ್ತಾ ಹೋಗಿ 2020ರ ಹೊತ್ತಿಗೆ ಸಬ್ಸಿಡಿಯನ್ನು ಸೊನ್ನೆಗೆ ತಂದರು. ಇಪ್ಪತ್ತೈದು ಪೈಸೆಗೆ ಯಾರು ಧರಣಿ ಕೂರುತ್ತಾರೆ!

ಆಮೇಲೆ 2023ರ ಜುಲೈ. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋಗೆ ಕೇಂದ್ರ ಅಕ್ಕಿ ಮಾರಲು ಒಪ್ಪದಿದ್ದಾಗ, ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬಂತು. ಅದನ್ನು ಸೋಪಿಗೆ ಹಾಕಿದರೋ ಅಕ್ಕಿಗೆ ಹಾಕಿದರೋ ಕೇಳಲು ಕೌಂಟರಿನ ಹಿಂದೆ ಯಾರೂ ಇರಲಿಲ್ಲ. ಹೆಂಗಸರು ಕುಡುಕ ಗಂಡಂದಿರಿಗೆ ಕೊಟ್ಟುಬಿಡುತ್ತಾರೆ ಎಂದು ಕಟ್ಟೆ ಮೇಲೆ ಮಾತಾಡಿದವರೆಲ್ಲ ಗಂಡಸರೇ. ನಮ್ಮ ಬೀದಿಯಲ್ಲಿ ನಾನು ಕಂಡದ್ದು ಗ್ಯಾಸಿನ ಸಿಲಿಂಡರಿಗೆ ಕೂಡಿಟ್ಟದ್ದು, ಹೈಸ್ಕೂಲು ಹುಡುಗಿಗೆ ಪ್ಯಾಡು ತಂದದ್ದು, ಮೊಬೈಲಿಗೆ ಕರೆನ್ಸಿ ಹಾಕಿಸಿದ್ದು. 2025ರಲ್ಲಿ ದುಡ್ಡು ನಿಂತು ಅಕ್ಕಿಯೇ ಬಂತು, ಮನೆಗಳಲ್ಲಿ ಅಕ್ಕಿ ಮಿಕ್ಕಿತು, ಮಿಕ್ಕಿದ್ದು ಮಾರಾಟವಾಯಿತು. ಮಾರಾಟ ತಡೆಯಲೆಂದು ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಹೆಚ್ಚುವರಿ ಅಕ್ಕಿಯ ಬದಲಿಗೆ ಇಂದಿರಾ ಆಹಾರ ಕಿಟ್ಟಿಗೆ ಒಪ್ಪಿತು. ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು. ಬಟ್ಟೆ ಸೋಪು ಅದರಲ್ಲೂ ಇಲ್ಲ. ಹಾಗಾಗಿ ಬಸ್ ಸ್ಟ್ಯಾಂಡಿನ ಹೋಟೆಲಿನವನಿಗೆ ಅಗ್ಗದ ಸಕ್ಕರೆ ಮತ್ತೆ ಸಿಕ್ಕೀತು.