ಲಕ್ವಾ ಹೊಡೆದ ಹೊತ್ತು

1982ರ ಒಂದು ಮುಂಜಾನೆ. ಯಲಬುರ್ಗಾ ತಾಲೂಕಿನ ನಮ್ಮೂರಲ್ಲಿ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಅಜ್ಜನ ಬಲಗೈಯಿಂದ ಬಸಿ ಜಾರಿತು. ಬಿಸಿ ಚಹಾ ಧೋತರದ ಮೇಲೆ ಚೆಲ್ಲಿದರೂ ಅಜ್ಜ ಕದಲಲಿಲ್ಲ, ಬಾಯಿ ಸೊಟ್ಟಗಾಗಿತ್ತು. "ಅಪ್ಪಗ ಲಕ್ವಾ ಹೊಡದೈತಿ" ಎಂದು ದೊಡ್ಡಪ್ಪ ಚೀರಿದ. ಎಣ್ಣೆ ಕಾಯಿಸಿ ತಿಕ್ಕಿದರು, ಪಾರಿವಾಳದ ರಕ್ತ ಹಚ್ಚಿದರು, ಹುಲಿಗೆಮ್ಮಗೆ ಹರಕೆ ಹೊತ್ತರು. ಮೂರನೇ ದಿನ ಹುಬ್ಬಳ್ಳಿಗೆ ಒಯ್ದರು. ಅಜ್ಜ ಮತ್ತೆ ಏಳು ವರ್ಷ ಬದುಕಿದ, ಮಾತು ಮಾತ್ರ ಮರಳಲಿಲ್ಲ.

ಮನೆಯವರನ್ನು ನಾನು ದೂರುವುದಿಲ್ಲ. ಲಕ್ವಾ ತರುವ, ಮಿದುಳಿನ ನಾಳದಲ್ಲಿ ಸಿಕ್ಕ ರಕ್ತದ ಹೆಪ್ಪನ್ನು ತೆಗೆಯುವ ಖಾತ್ರಿಯಾದ ದಾರಿ ಆಗ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇರಲಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟದ್ದು 1996ರಲ್ಲಿ, ಅದೂ ಮೂರು ತಾಸಿನೊಳಗೆ ಕೊಟ್ಟರೆ ಮಾತ್ರ. 2004ರಲ್ಲಿ ಮರ್ಸಿ ಎಂಬ ಸಾಧನ ಬಂತು. ತೊಡೆಸಂದಿಯ ರಕ್ತನಾಳದಿಂದ ಸಪೂರ ಕೊಳವೆಯನ್ನು ಮಿದುಳಿನವರೆಗೆ ಏರಿಸಿ, ಸುರುಳಿ ತಂತಿಯಿಂದ ಹೆಪ್ಪನ್ನು ಹಿಡಿದೆಳೆಯುವುದು ಅದರ ಕೆಲಸ. ಆಮೇಲೆ ಹೀರುವ ಕೊಳವೆ, ಹೆಪ್ಪಿನೊಳಗೆ ಬಿಚ್ಚಿಕೊಂಡು ಅದನ್ನು ಅಪ್ಪಿ ಹೊರಬರುವ ಜಾಲರಿ ಬಂದವು.

ಸಾಧನ ಬಂದ ಮಾತ್ರಕ್ಕೆ ರೋಗಿ ಎದ್ದು ನಡೆಯುತ್ತಾನೆಯೇ? 2013ರಲ್ಲಿ ಪ್ರಕಟವಾದ ಮೂರು ದೊಡ್ಡ ಪ್ರಯೋಗಗಳು ಇಲ್ಲ ಎಂದವು. ಬಳಸಿದ ಸಾಧನಗಳು ಬಹುಪಾಲು ಹಳೆಯವು, ಚಿಕಿತ್ಸೆ ತಡವಾಗಿತ್ತು, ದೊಡ್ಡ ನಾಳ ಕಟ್ಟಿದೆಯೋ ಇಲ್ಲವೋ ಎಂದು ಮೊದಲೇ ನೋಡದೆ ಎಷ್ಟೋ ರೋಗಿಗಳನ್ನು ಸೇರಿಸಿಕೊಂಡಿದ್ದರು. ಸೋತ ಲೆಕ್ಕವನ್ನು ಮುಚ್ಚಿಡದೆ ಮುಂದಿಟ್ಟದ್ದನ್ನು ನಾನು ಬಹಳ ಗೌರವಿಸುತ್ತೇನೆ. ಆ ತಪ್ಪುಗಳಿಲ್ಲದೆ ನೆದರ್‌ಲ್ಯಾಂಡ್ಸ್‌ನಲ್ಲಿ 500 ರೋಗಿಗಳ ಮೇಲೆ ನಡೆದ ಎಂಆರ್ ಕ್ಲೀನ್ ಪ್ರಯೋಗದಲ್ಲಿ, ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಚೇತರಿಸಿಕೊಂಡವರು ನೂರಕ್ಕೆ 19ರಿಂದ 33ಕ್ಕೆ ಏರಿದರು. ಅದು ಅಚ್ಚಾದದ್ದು 2015ರ ಜನವರಿಯಲ್ಲಿ.

ಮಿದುಳಿನೊಳಗಿನ ನಾಳಗಳೇ ಕಿರಿದಾಗುವ ತೊಂದರೆ ಬಿಳಿಯರಿಗಿಂತ ಏಷ್ಯಾದವರಲ್ಲಿ ಹೆಚ್ಚು. ಹಾಗಾಗಿ ಬಿಳಿಯರ ನಾಡಿನಲ್ಲಿ ಗೆದ್ದ ಸಾಧನವನ್ನು ನಮ್ಮವರಲ್ಲೂ ಪರೀಕ್ಷಿಸಿ ನೋಡಲೇಬೇಕು. ದೆಹಲಿಯ ಏಮ್ಸ್ ಮುಂದಾಳತ್ವದಲ್ಲಿ ಸೂಪರ್‌ನೋವಾ ಎಂಬ ಜಾಲರಿಯನ್ನು ಭಾರತದ ರೋಗಿಗಳಲ್ಲೇ ಪರೀಕ್ಷಿಸಿದ ಗ್ರಾಸ್‌ರೂಟ್ ಪ್ರಯೋಗ ಅದಕ್ಕೇ ನನಗೆ ದೊಡ್ಡದು.

ಆದರೆ ಎಲ್ಲ ಪ್ರಯೋಗಗಳೂ ತಾಸು ಎಣಿಸಿಯೇ ನಡೆದಿವೆ. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ಕುಷ್ಟಗಿಯಿಂದ ಹುಬ್ಬಳ್ಳಿ, ಗಂಗಾವತಿಯಿಂದ ಬಳ್ಳಾರಿ ಎಂದರೆ ತಾಸುಗಟ್ಟಲೆ ಹಾದಿ. ಔಷಧ ವಿತರಕನಾಗಿ ಮೂವತ್ತು ವರ್ಷ ದುಡಿದ ನಾನು ಕಂಡಂತೆ, ಹಾದಿಗಿಂತ ಹೆಚ್ಚು ಹೊತ್ತು ಮನೆಯ ಕಟ್ಟೆಯ ಮೇಲೇ ಹೋಗುತ್ತದೆ. ಮುಖ ಸೊಟ್ಟಗಾಯಿತೋ, ಕೈ ಸೋತಿತೋ, ಮಾತು ತೊದಲಿತೋ, ಎಣ್ಣೆ ಹುಡುಕಬೇಡಿ. ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಳ್ಳಿ, ಆ ಕ್ಷಣವೇ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಿರಿ ಎಂದು ಹೇಳಿ.