ವಸಂತದ ಚಿಗುರು: ಜೈನ ವೈದ್ಯರ ಔಷಧಸಂಗ್ರಹವೂ ಶ್ರಾವಕಾಚಾರವೂ

ಕಾಡುಮೇಡುಗಳಲ್ಲಿ ತಾನಾಗಿ ಬೆಳೆದ ಸೊಪ್ಪು, ಚಿಗುರು, ಹೂಗಳನ್ನು ಆಯ್ದು ತಂದು ಆಹಾರಕ್ಕೂ ಔಷಧಕ್ಕೂ ಬಳಸುವ ರೂಢಿ ಭಾರತೀಯ ವೈದ್ಯಪರಂಪರೆಯಲ್ಲಿ ಪುರಾತನವಾದುದು. ಚರಕಸಂಹಿತೆಯ ಕಲ್ಪಸ್ಥಾನವು ಹೊಸದಾಗಿ ಮೂಡಿದ ರೆಂಬೆ-ಎಲೆಗಳನ್ನು ವರ್ಷಾ ಮತ್ತು ವಸಂತ ಋತುಗಳಲ್ಲಿಯೂ, ತೊಗಟೆ-ಗೆಡ್ಡೆಗಳನ್ನು ಶರತ್ತಿನಲ್ಲಿಯೂ ಸಂಗ್ರಹಿಸಬೇಕೆಂದು ವಿಧಿಸುತ್ತದೆ. ಮೂಲಿಕೆಗಳ ಗುರುತನ್ನು ಗೋವಳರು, ತಾಪಸರು, ಬೇಡರು ಮೊದಲಾದ ವನಚರರಿಂದ ಅರಿಯಬೇಕೆಂಬುದು ಸುಶ್ರುತಸಂಹಿತೆಯ ಮತ. ವಸಂತದಲ್ಲಿ ಸೂರ್ಯತಾಪದಿಂದ ಕರಗಿದ ಕಫವು ಪ್ರಕೋಪಗೊಳ್ಳುವುದರಿಂದ ಕಹಿ, ಖಾರ, ಒಗರು ರಸಗಳು ಆಗ ಪಥ್ಯವೆನಿಸುತ್ತವೆ.

ಈ ಋತುವಿನಲ್ಲಿಯೇ ಜೈನ ವೈದ್ಯನಿಗೆ ತೊಡಕು ಹೆಚ್ಚು. ಕಫಹರ ದ್ರವ್ಯಗಳಲ್ಲಿ ಶ್ರೇಷ್ಠವೆಂದು ಆಯುರ್ವೇದವು ಎಣಿಸುವ ಜೇನು ಅವನಿಗೆ ವರ್ಜ್ಯ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನ ಸಂಸ್ಕೃತ ‘ಕಲ್ಯಾಣಕಾರಕ’ವು ಮದ್ಯ-ಮಾಂಸ-ಮಧುಗಳನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸಿತು, ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು. 12ನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದಾಗಲೂ ಇದೇ ನಿಯಮವನ್ನು ಪಾಲಿಸಿದನು. ಹೀಗೆ ಸಸ್ಯಗಳ ಮೇಲಣ ಅವಲಂಬನೆ ಬೆಳೆಯಿತು.

ಆದರೆ ಸಸ್ಯವೂ ಸಜೀವವೇ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಫಲ ಅಲ್ಪವಾಗಿ ಘಾತ ಅಧಿಕವಾಗುವ ವಸ್ತುಗಳಲ್ಲಿ ಹಸಿಶುಂಠಿಯನ್ನೂ ಬೇವಿನ ಹೂವನ್ನೂ ಹೆಸರಿಸುತ್ತದೆ. ಯುಗಾದಿಯಂದು ನಾಡಿನ ಅನೇಕ ಮನೆಗಳಲ್ಲಿ ಬೆಲ್ಲದೊಡನೆ ಸವಿಯುವ ಹೂವೇ ಅದು! ಅದೇ ಗ್ರಂಥದಂತೆ ಐದನೆಯ ಪ್ರತಿಮೆಯ ಶ್ರಾವಕನು ಹಸಿಯಾದ ಬೇರು, ಸೊಪ್ಪು, ಮೊಳಕೆ, ಹೂಗಳನ್ನು ತಿನ್ನಲಾಗದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದ ಜೀವಕಾಂಡವು, ಮುರಿದಾಗ ಸಮವಾಗಿ ತುಂಡಾಗುವ ಚಿಗುರು ಅನಂತ ಜೀವಗಳಿಗೆ ಆಶ್ರಯವೆಂದು ಹೇಳುತ್ತದೆ, ನಾರು ಬಲಿತು ವಿಷಮವಾಗಿ ಮುರಿದರೆ ಅದು ಪ್ರತ್ಯೇಕ ವನಸ್ಪತಿ. ಈ ಗ್ರಂಥಕ್ಕೆ ಕೇಶವಣ್ಣನು 1359ರಲ್ಲಿ ಕನ್ನಡವೃತ್ತಿಯನ್ನು ಪೂರೈಸಿದನು. ಮಂಗರಾಜನ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯ ಗ್ರಂಥವೂ ಹೆಚ್ಚುಕಡಿಮೆ ಆ ಕಾಲದ್ದೇ ಆಗಿರುವುದರಿಂದ, ಸಿದ್ಧಾಂತವೂ ವೈದ್ಯವೂ ಆಗ ಕನ್ನಡದಲ್ಲಿ ಜೊತೆಜೊತೆಯಾಗಿ ನಡೆದಿದ್ದವೆನ್ನಬಹುದು.

ವೈದ್ಯನು ಯಾವ ಚಿಗುರನ್ನು ಅಪೇಕ್ಷಿಸುವನೋ ಅದನ್ನೇ ಶಾಸ್ತ್ರವು ತಡೆಯುವಂತೆ ಇಲ್ಲಿ ತೋರುತ್ತದೆ. ಆದರೆ ಹಸಿಶುಂಠಿಯನ್ನು ಬಿಟ್ಟವನಿಗೆ ಒಣಶುಂಠಿ ನಿಷಿದ್ಧವಲ್ಲ ಎಂಬುದನ್ನು ಗಮನಿಸಬೇಕು. ಒಣಗಿದ, ಬೆಂದ, ಕಾದ, ಹುಳಿ-ಉಪ್ಪು ಬೆರೆತ ವಸ್ತು ಪ್ರಾಸುಕವೆಂಬುದು ಪರಂಪರೆಯ ನಿಲುವು. ಅಂದಮೇಲೆ ವಿಚಾರಣೀಯವಾದುದು ಸಸ್ಯದ ಹೆಸರಷ್ಟೇ ಅಲ್ಲ. ಅದರ ಅಂಗ, ಬಲಿತ ಪ್ರಮಾಣ, ಸಂಸ್ಕಾರ ಇವೆಲ್ಲವೂ ಸೇರುತ್ತವೆ. ಚೂರ್ಣ ಮತ್ತು ಕಷಾಯಗಳ ರೂಪದಲ್ಲಿ ವ್ರತ ಹಾಗೂ ಚಿಕಿತ್ಸೆ ಎರಡಕ್ಕೂ ಅವಕಾಶ ಉಳಿಯುತ್ತದೆ. ಇಷ್ಟಾದರೂ ತೊಡಕು ಪೂರ್ಣವಾಗಿ ನೀಗದು: ಒಣಗಿಸುವ ಮುನ್ನ ಕೀಳಲೇಬೇಕು. ಆದಕಾರಣ ಬೇಕಾದಷ್ಟನ್ನೇ ತೆಗೆಯುವ ಮಿತಿಯು ವೈದ್ಯನಿಗೆ ಧರ್ಮವಾಗುತ್ತದೆ.

ಗ್ರಂಥಸಂಪಾದಕರಿಗೆ ಇದರಿಂದ ಒಂದು ಎಚ್ಚರಿಕೆ ದೊರೆಯುತ್ತದೆ. ಓಲೆಗರಿಯೊಂದರಲ್ಲಿ ‘ತಳಿರು’ ಎಂದೂ ಮತ್ತೊಂದರಲ್ಲಿ ‘ಎಲೆ’ ಎಂದೂ, ಅಥವಾ ‘ಹಸಿ’ಯ ಸ್ಥಾನದಲ್ಲಿ ‘ಒಣ’ ಎಂದೂ ಪಾಠಾಂತರ ಕಂಡುಬಂದರೆ ಅದನ್ನು ಲಿಪಿಕಾರನ ಪ್ರಮಾದವೆಂದು ತಟ್ಟನೆ ತಿದ್ದುವುದು ಉಚಿತವಲ್ಲ. ಆ ಭೇದದ ಹಿಂದೆ ವ್ರತದ ವಿವೇಕವಿರುವುದು ಸಾಧ್ಯ. ಮದ್ದಿನ ಗುಣವೂ ಅದರಿಂದ ಬದಲಾಗಬಹುದು. ಎರಡು ಪಾಠಗಳನ್ನೂ ಅಡಿಯಲ್ಲಿ ಕಾಣಿಸಿ, ವೈದ್ಯವನ್ನೂ ಶ್ರಾವಕಾಚಾರವನ್ನೂ ಒಟ್ಟಿಗೆ ಪರಿಶೀಲಿಸಿ ನಿರ್ಣಯಿಸುವುದೇ ಯುಕ್ತವಾದ ಮಾರ್ಗ.